ನೆರೆ ನೀರು ಮತ್ತು ಸಣ್ಣ ಕಾರ್ಖಾನೆ: ಚೆನ್ನೈ ನೀಡಿದ ಎಚ್ಚರಿಕೆ

2023ರ ಡಿಸೆಂಬರ್ 5ರಂದು ಮಿಚಾಂಗ್ ಚಂಡಮಾರುತವು ದಡ ಸೇರಿದ್ದು ಆಂಧ್ರಪ್ರದೇಶದ ಬಾಪಟ್ಲದ ಸಮೀಪ. ಆದರೆ ಅದಕ್ಕೂ ಮುನ್ನ 3 ಮತ್ತು 4ರಂದು ಸುರಿದ ಮಳೆಗೆ ಬಹುದೂರದ ಚೆನ್ನೈ ಮುಳುಗಿ, ಅಂಬತ್ತೂರು ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಗಳಿಗೆ ನೀರು ನುಗ್ಗಿತು. 2015ರ ಡಿಸೆಂಬರಿನ ನೆರೆಗಂತೂ ಚಂಡಮಾರುತವೇ ಕಾರಣವಾಗಿರಲಿಲ್ಲ. ತಾಂಬರಂನಲ್ಲಿ ಒಂದೇ ದಿನ 49 ಸೆಂ.ಮೀ. ಮಳೆಯಾಗಿ, ಅಡ್ಯಾರ್ ನದಿ ಉಕ್ಕಿ, ವಿಮಾನ ನಿಲ್ದಾಣವೂ ಕೆಲವು ದಿನ ಮುಚ್ಚಿತ್ತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಗುಜರಾತಿನಲ್ಲಿ ದಡ ಹತ್ತಿದರೂ ಕರ್ನಾಟಕದ ಕರಾವಳಿಯನ್ನು ಬಿಡಲಿಲ್ಲ. ಬಿರುಗಾಳಿಯ ಹಾದಿಯಲ್ಲಿ ತಮ್ಮ ಊರಿಲ್ಲವೆಂಬ ಸಮಾಧಾನ ಉದ್ದಿಮೆದಾರರಿಗೆ ಸಲ್ಲದು.

ಹವಾಮಾನ ಇಲಾಖೆಯು 48 ಗಂಟೆ ಮೊದಲು ಚಂಡಮಾರುತದ ಜಾಗೃತಿ ಸೂಚನೆಯನ್ನೂ, 24 ಗಂಟೆ ಮೊದಲು ಎಚ್ಚರಿಕೆಯನ್ನೂ ಹೊರಡಿಸುತ್ತದೆ. ಸಿದ್ಧ ಸರಕನ್ನು ಮೇಲಂತಸ್ತಿಗೆ ಸಾಗಿಸಲು, ಬಿಚ್ಚಬಹುದಾದ ಮೋಟಾರುಗಳನ್ನು ಎತ್ತಿಡಲು, ರಾಸಾಯನಿಕಗಳ ಪೀಪಾಯಿಗಳನ್ನು ಬಿಗಿಯಾಗಿ ಮುಚ್ಚಿ ಕಟ್ಟಲು ಈ ಅವಧಿ ಸಾಲುತ್ತದೆ. ವಿದ್ಯುತ್ ಪ್ಯಾನೆಲ್ ಬೋರ್ಡನ್ನು ಎತ್ತರದಲ್ಲಿ ಕೂಡಿಸುವ ಕೆಲಸ ಮಾತ್ರ ಬೇಸಿಗೆಯಲ್ಲೇ ಮುಗಿದಿರಬೇಕು. ದಾಸ್ತಾನು ಪುಸ್ತಕದ ಪ್ರತಿಯೊಂದು ಬೇರೆ ಊರಿನಲ್ಲಿರುವುದು ಒಳಿತು.

ನೀರು ಇಳಿದ ಮೇಲಿನ ಅವಸರವೇ ಹೆಚ್ಚು ಅಪಾಯಕಾರಿ. ಬೇಡಿಕೆ ಪೂರೈಸುವ ಆತುರದಲ್ಲಿ ಮಾಲೀಕರು ಸ್ವಿಚ್ ಒತ್ತುತ್ತಾರೆ. ಒದ್ದೆಯಾದ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ, ಕೆಲವೊಮ್ಮೆ ಕಾರ್ಮಿಕನ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಮುಖ್ಯ ಸಂಪರ್ಕವನ್ನು ಕಡಿತಗೊಳಿಸಿ, ಸುರುಳಿಯನ್ನು ಒಣಗಿಸಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಮೆಗ್ಗರ್‌ನಿಂದ ನಿರೋಧಕತೆಯನ್ನು ಅಳೆದ ನಂತರವೇ ಯಂತ್ರ ಚಾಲೂ ಆಗತಕ್ಕದ್ದು. ಡೀಸೆಲ್ ಜನರೇಟರನ್ನು ಶೆಡ್ಡಿನೊಳಗೆ ನಡೆಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಆಳುಗಳನ್ನು ಬಲಿ ತೆಗೆದುಕೊಳ್ಳಬಲ್ಲದು. ಕೆಸರು ಬಳಿಯುವವರಿಗೆ ಗಂಬೂಟು, ಕೈಗವಸು ಅಗತ್ಯ; ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಗುಲಿದರೆ ಇಲಿಜ್ವರ ಬರುತ್ತದೆ. ನೆರೆನೀರು ತಾಗಿದ ಧಾನ್ಯವನ್ನು ಒಣಗಿಸಿ ಮಾರುವುದು ವ್ಯಾಪಾರವಲ್ಲ, ಅಪರಾಧ.

ತೊಳೆಯುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆಯ ಸಮೇತ ಛಾಯಾಚಿತ್ರ ತೆಗೆದು, ವಿಮಾ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವವರೆಗೆ ಹಾಳಾದ ಸರಕನ್ನು ಎಸೆಯದೆ ಇಡಬೇಕು. 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ, 5 ಕೋಟಿ ರೂ.ವರೆಗಿನ ಆಸ್ತಿಯ ಘಟಕಗಳಿಗೆಂದೇ ರೂಪಿಸಿದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ನೆರೆಹಾನಿಯೂ ಸೇರಿದೆ. ವಿಮೆಯಲ್ಲಿನ ಕೊರತೆ ಶೇ. 15ರೊಳಗಿದ್ದರೆ ಅದರಲ್ಲಿ ಕಡಿತವಿಲ್ಲ. ಆದರೆ ಕಂತು ಉಳಿಸಲೆಂದು 40 ಲಕ್ಷದ ದಾಸ್ತಾನಿಗೆ 20 ಲಕ್ಷಕ್ಕಷ್ಟೇ ವಿಮೆ ಇಳಿಸಿದವರಿಗೆ, 10 ಲಕ್ಷ ನಷ್ಟವಾದಾಗ ದೊರೆಯುವುದು ಸುಮಾರು 5 ಲಕ್ಷ ಮಾತ್ರ.

ಇನ್ನೊಂದು ಅಂಶ ಹಲವರ ಗಮನಕ್ಕೆ ಬರುವುದು ತಡವಾಗಿ. ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನಂತೆ ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ಹಿಂದಿರುಗಿಸಬೇಕಾಗುತ್ತದೆ. ವಿಮಾ ಮೊತ್ತ ನಿಗದಿಪಡಿಸುವಾಗ ಈ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯುವಂತೆ ಏಜೆಂಟರೊಡನೆ ಪ್ರಸ್ತಾಪಿಸಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು.