ಹುಳು ಸಾಕಿ ಔಷಧಿ ಪರೀಕ್ಷಿಸುವವರು

ಅಮೆರಿಕದ ಅಯೋವಾ, ಇಲಿನಾಯ್, ನೆಬ್ರಾಸ್ಕಾ ಸೀಮೆಯ ಮೆಕ್ಕೆಜೋಳಕ್ಕೆ ಬೇರುಹುಳುವಿನ ಕಾಟ ದೊಡ್ಡದು. ಡಯಾಬ್ರೊಟಿಕಾ ಎಂಬ ಪುಟ್ಟ ದುಂಬಿಯ ಮರಿ ಇದು. ಆಗಸ್ಟ್ ಹೊತ್ತಿಗೆ ಮಣ್ಣಿಗೆ ಬಿದ್ದ ಮೊಟ್ಟೆ ಮುಂದಿನ ಮೇ–ಜೂನ್‌ನಲ್ಲಿ ಒಡೆದು ಮರಿ ಬೇರಿಗೆ ಬಾಯಿ ಹಾಕುತ್ತದೆ. ಬಿತ್ತುವಾಗಲೇ ಸಾಲಿಗೆ ಹಾಕುವ ಹರಳು ಔಷಧಿಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳು ಹೊಲದಲ್ಲೇ ಪರೀಕ್ಷಿಸುತ್ತವೆ.

ತಪ್ಪು ಕಲ್ಪನೆ: ಪರೀಕ್ಷೆಗೆ ಯಾವ ಹೊಲವಾದರೂ ಆದೀತು.

ವಾಸ್ತವ: ಹುಳುವೇ ಇಲ್ಲದ ಕಡೆ ಎಲ್ಲ ಔಷಧಿಯೂ ರಾಮಬಾಣವೇ. ಅದಕ್ಕೇ ಹಿಂದಿನ ವರ್ಷ ಆ ಹೊಲದಲ್ಲಿ ಬೇಕೆಂತಲೇ ತಡವಾಗಿ ಮೆಕ್ಕೆಜೋಳ ಬಿತ್ತುತ್ತಾರೆ, ಕೆಲವೆಡೆ ಕುಂಬಳವನ್ನೂ ಸೇರಿಸುತ್ತಾರೆ. ಸುತ್ತಲ ಹೊಲಗಳ ತೆನೆಯ ರೇಷ್ಮೆ ಒಣಗಿದಾಗ ಇಲ್ಲಿನ್ನೂ ಹಸಿ ರೇಷ್ಮೆ, ಪರಾಗ ಇರುತ್ತವೆ. ದುಂಬಿಗಳು ಮುತ್ತಿ ಮೊಟ್ಟೆ ಇಡುತ್ತವೆ. ರೈತ ಓಡಿಸುವ ಹುಳುವನ್ನು ಇವರು ಕರೆದು ಊಟ ಹಾಕುತ್ತಾರೆ! ಪರೀಕ್ಷೆಯ ವರ್ಷ ಹೋಲಿಕೆಗೆಂದು ನಡುವೆ ಔಷಧಿ ಹಾಕದ ತಾಕೂ ಇರಲೇಬೇಕು.

ತಪ್ಪು ಕಲ್ಪನೆ: ಪೈರು ಹಸಿರಾಗಿ ನಿಂತಿದ್ದರೆ ಔಷಧಿ ಗೆದ್ದಂತೆ.

ವಾಸ್ತವ: ಮಳೆ ಚೆನ್ನಾಗಿದ್ದರೆ ಅರೆಬರೆ ಬೇರಿನ ಗಿಡವೂ ನಗುತ್ತಿರುತ್ತದೆ. ಜುಲೈನಲ್ಲಿ ಗಿಡ ಅಗೆದು, ಬೇರು ನೆನೆಸಿ, ನೀರು ಹಾಯಿಸಿ ತೊಳೆದ ಮೇಲೆಯೇ ತೀರ್ಪು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಅಳತೆಯಲ್ಲಿ 0 ಎಂದರೆ ಹಾನಿಯಿಲ್ಲ. ಒಂದು ಗೆಣ್ಣಿನ ಸುತ್ತಲ ಬೇರೆಲ್ಲ ಕಾಂಡದ ಹತ್ತಿರದವರೆಗೆ ತಿಂದುಹೋಗಿದ್ದರೆ 1, ಮೂರು ಗೆಣ್ಣು ಹೋಗಿದ್ದರೆ 3. ಸರಾಸರಿಯೊಂದನ್ನೇ ನಂಬಬಾರದು; ಎಷ್ಟು ಬೇರು 0.25ರ ಒಳಗೆ ಉಳಿದವು ಎಂಬುದನ್ನೂ ಎಣಿಸಬೇಕು.

ತಪ್ಪು ಕಲ್ಪನೆ: ಬೇರು ಉಳಿಯಿತು, ಅಂದರೆ ಹುಳು ಸತ್ತಿತು.

ವಾಸ್ತವ: ಔಷಧಿ ಕಾಯುವುದು ಗಿಡದ ಬುಡದ ಏಳೆಂಟು ಅಂಗುಲವನ್ನು ಮಾತ್ರ. ಅದರಾಚೆ ಚಾಚಿದ ಬೇರನ್ನು ತಿಂದು ಮರಿಗಳು ದುಂಬಿಯಾಗಿ ಹೊರಡುತ್ತವೆ. ಬೇರು ಚೆನ್ನಾಗಿರುವ, ಔಷಧಿ ಹಾಕಿದ ತಾಕಿನಿಂದಲೇ ಒಮ್ಮೊಮ್ಮೆ ಹೆಚ್ಚು ದುಂಬಿ ಬರುವುದುಂಟು. ಮುಂದಿನ ವರ್ಷದ ಕಾಟಕ್ಕೆ ಈ ಔಷಧಿ ಮದ್ದಲ್ಲ.

ತಪ್ಪು ಕಲ್ಪನೆ: ಒಮ್ಮೆ ಗೆದ್ದದ್ದು ಸದಾ ಗೆಲ್ಲುತ್ತದೆ.

ವಾಸ್ತವ: ಆಲ್ಡ್ರಿನ್, ಹೆಪ್ಟಾಕ್ಲೋರ್ ಎಂಬ ಔಷಧಿಗಳು 1960ರ ಆಸುಪಾಸಿನಲ್ಲೇ ನೆಬ್ರಾಸ್ಕಾದಲ್ಲಿ ಸೋತವು. ಕಾರ್ಬೋಫ್ಯುರಾನ್ ಎಂಬ ಔಷಧಿಯನ್ನು ಕೆಲವು ಹೊಲಗಳಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳೇ ತಿಂದು ತೇಗಿದವು. ಬೇರುಹುಳುವಿಗೆಂದೇ 2003ರಲ್ಲಿ ಬಂದ ಬಿಟಿ ಮೆಕ್ಕೆಜೋಳದ ತಳಿಗೂ 2009ರ ಹೊತ್ತಿಗೆ ಅಯೋವಾದ ಹುಳು ಒಗ್ಗಿಕೊಂಡಿತ್ತು.

ತಪ್ಪು ಕಲ್ಪನೆ: ಈ ಬೇರುಹುಳು ನಮ್ಮ ಗೊಣ್ಣೆಹುಳುವೇ.

ವಾಸ್ತವ: ಅಲ್ಲ. ಅದರ ದುಂಬಿಯೂ ಬೇರೆ, ಕಾಲವೂ ಬೇರೆ.

ಇಂಥ ಪರೀಕ್ಷೆಯ ಫಲಿತಾಂಶ ಕೈಗೆ ಸಿಕ್ಕರೆ ಮೊದಲು ಔಷಧಿ ಹಾಕದ ತಾಕಿನ ಅಂಕ ಹುಡುಕಿ. ಅದೇ ಸೊನ್ನೆಯ ಹತ್ತಿರವಿದ್ದರೆ ಮುಂದಿನ ಸಾಲು ಓದಬೇಕಿಲ್ಲ.