ಮಿಥ್ಯಾವಾಸ್ತವವೂ ನಮ್ಮ ಬೆಟ್ಟಗಳೂ

ವಿಜ್ಞಾನದ ಉಪಕರಣಗಳು ದುಬಾರಿಯೆಂಬ ಮಾತು ನಮ್ಮ ಜಿಲ್ಲೆಯಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ವರ್ಚುಯಲ್ ರಿಯಾಲಿಟಿ ಎಂದು ಪ್ರಪಂಚವು ಕರೆಯುವ, ಕನ್ನಡದಲ್ಲಿ ಮಿಥ್ಯಾವಾಸ್ತವವೆನ್ನಬಹುದಾದ ಸಾಧನದ ಮಟ್ಟಿಗಾದರೂ ಆ ನೆಪವು ಇನ್ನು ಸಲ್ಲದೆಂದು ನಾವು ಭಾವಿಸುತ್ತೇವೆ.

ಇದರ ತತ್ತ್ವವು ಹಳೆಯದು. ನಮ್ಮ ಎರಡು ಕಣ್ಣುಗಳೂ ಸುಮಾರು 6 ಸೆಂಟಿಮೀಟರು ಅಂತರದಲ್ಲಿರುವುದರಿಂದ ಒಂದೇ ವಸ್ತುವನ್ನು ತುಸು ಬೇರೆಬೇರೆಯಾಗಿ ಕಾಣುತ್ತವೆ. ಆ ಭೇದದಿಂದ ಮನಸ್ಸು ಆಳವನ್ನು ಗ್ರಹಿಸುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿದ್ವಾಂಸನು 1838ರಲ್ಲಿಯೇ ಇದನ್ನು ಜೋಡಿಚಿತ್ರಗಳಿಂದ ಸಿದ್ಧಪಡಿಸಿ ತೋರಿಸಿದನು. 1992ರಲ್ಲಿ ಷಿಕಾಗೋ ನಗರದ ಇಲಿನಾಯ್ ವಿಶ್ವವಿದ್ಯಾನಿಲಯದವರು ಕೋಣೆಯ ಗೋಡೆಗಳನ್ನೇ ತೆರೆಗಳನ್ನಾಗಿಸಿ ‘ಕೇವ್’ ಎಂಬುದನ್ನು ಕಟ್ಟಿದಾಗ ಅದು ಸಿರಿವಂತ ಸಂಸ್ಥೆಗಳಿಗೆ ಮಾತ್ರ ಎಟಕುವಂಥದಾಗಿತ್ತು. 2014ರಲ್ಲಿ ಗೂಗಲ್ ಕಂಪೆನಿಯವರು ರಟ್ಟಿನ ಪೆಟ್ಟಿಗೆ, ಎರಡು ಮಸೂರ, ಜೇಬಿನ ಫೋನು ಇಷ್ಟರಿಂದಲೇ ಕಾರ್ಯವನ್ನು ಸಾಧಿಸಿದರು. ಆ ಪೆಟ್ಟಿಗೆಯ ಮಾರಾಟವನ್ನು ಅವರು 2021ರಲ್ಲಿ ನಿಲ್ಲಿಸಿದರೂ ಅದರ ನಕ್ಷೆಯೂ ತಂತ್ರಾಂಶವೂ ಮುಕ್ತವಾಗಿಯೇ ಇವೆ.

ಹಾಗಾದರೆ ಅದರೊಳಗೆ ನೋಡತಕ್ಕದ್ದೇನು? ಡೈನೋಸಾರನ್ನು ತೋರಿಸಿ ಮಕ್ಕಳನ್ನು ಬೆರಗುಗೊಳಿಸುವುದು ಜಾತ್ರೆಯ ಗುಡಾರದವರ ಕೆಲಸ, ಪಾಠಶಾಲೆಯದಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು, ಗೋಪಾಲಸ್ವಾಮಿ ಬೆಟ್ಟದ ಆಸುಪಾಸು ಸೇರಿ, ಸಾವಿರಾರು ಎಕರೆ ಸುಟ್ಟುದನ್ನು ಗುಂಡ್ಲುಪೇಟೆಯವರು ಮರೆತಿಲ್ಲ. ಬೆಂಕಿಯು ಇಳಿಜಾರಿನಲ್ಲಿ ಮೇಲ್ಮುಖವಾಗಿ ವೇಗದಿಂದ ಏರುವುದೆಂದು ಪುಸ್ತಕದಲ್ಲಿ ಓದುವುದು ಬೇರೆ; 1,454 ಮೀಟರು ಎತ್ತರದ ಆ ಬೆಟ್ಟದ ಕಣಿವೆಯಲ್ಲಿ ನಿಂತಂತೆ, ಲಂಟಾನದ ಒಣಪೊದೆಗಳಿಂದ ಶಿಖರದ ಕಡೆಗೆ ಅದು ಹೋಗತಕ್ಕ ದಾರಿಯನ್ನು ಕತ್ತೆತ್ತಿ ನೋಡುವುದು ಬೇರೆ. ಇದಕ್ಕೆ ಬೇಕಾದ ಸಾಮಗ್ರಿಯು ಬಿಟ್ಟಿಯಾಗಿಯೇ ದೊರೆಯುತ್ತದೆ. 2000ರ ಫೆಬ್ರವರಿಯಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಅಂತರಿಕ್ಷನೌಕೆಯು 11 ದಿನಗಳಲ್ಲಿ ಭೂಮಿಯ ಬಹುಭಾಗದ ಏರುತಗ್ಗುಗಳನ್ನು ಅಳೆಯಿತು. ಸುಮಾರು 30 ಮೀಟರಿಗೊಂದರಂತೆ ಇರುವ ಆ ಅಂಕಿಗಳಲ್ಲಿ ನಮ್ಮ ಬೆಟ್ಟಗಳೂ ಸೇರಿವೆ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶವು ಅವನ್ನು ಬೆಟ್ಟವಾಗಿಸಿ, ಕಣ್ಣಿಗೊಂದರಂತೆ ಎರಡು ಚಿತ್ರಗಳನ್ನು ಮಾಡಿಕೊಡುತ್ತದೆ. ಚಾಮರಾಜನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ಅಸಾಧ್ಯವೇ? ವೈದ್ಯಕೀಯ ಕಾಲೇಜಿನವರೂ ಸ್ಲೈಸರ್ ಎಂಬ ಉಚಿತ ತಂತ್ರಾಂಶದಿಂದ ಸಿ.ಟಿ. ಚಿತ್ರಗಳನ್ನು ಇದೇ ರೀತಿ ಘನಾಕಾರವಾಗಿ ನೋಡಬಹುದು.

ಕೊಳ್ಳುವ ಅಧಿಕಾರಿಗಳು ಎಚ್ಚರವಹಿಸಬೇಕಾದುದೂ ಉಂಟು. ತಲೆ ತಿರುಗಿದೆಡೆಗೆ ದೃಶ್ಯವೂ ತಿರುಗಬೇಕಾದರೆ ಫೋನಿನಲ್ಲಿ ಜೈರೊಸ್ಕೋಪ್ ಇರಬೇಕು. ತೀರ ಅಗ್ಗದ ಅನೇಕ ಫೋನುಗಳಲ್ಲಿ ಅದಿರುವುದಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಸುತ್ತ ನೋಡಬಹುದಲ್ಲದೆ ನಡೆದು ವಸ್ತುವಿನ ಹತ್ತಿರ ಹೋಗಲಾಗದು. ಆ ಸೌಲಭ್ಯಕ್ಕಾಗಿ ಕಾಲೇಜಿಗೊಂದು ಉತ್ತಮ ಶಿರಸ್ಸಾಧನ ಸಾಕು. ಕೆಲವರಿಗೆ ತಲೆಸುತ್ತು ಬರುವುದರಿಂದ ಒಮ್ಮೆಗೆ ಕೆಲವೇ ನಿಮಿಷ ತೋರಿಸುವುದು ಲೇಸು. ನೋಟಕ್ಕೆ ಸೊಗಸಾಗಲೆಂದು ಬೆಟ್ಟದ ಎತ್ತರವನ್ನು ಹಿಗ್ಗಿಸುವ ಚಾಳಿಯೂ ಇದೆ. ಹಿಗ್ಗಿಸಿದರೆ ಎಷ್ಟು ಪಾಲೆಂಬುದನ್ನು ಚಿತ್ರದಲ್ಲಿಯೇ ಬರೆಯತಕ್ಕದ್ದು. ಅದನ್ನೂ, ಹಳ್ಳಕೊಳ್ಳಗಳ ಹೆಸರುಗಳನ್ನೂ ಕನ್ನಡದಲ್ಲಿಯೇ ಬರೆಯಬೇಕು. ಆ ಹೆಸರುಗಳನ್ನು ಬಲ್ಲವರು ಕಾಡಂಚಿನ ಜನರೇ ಆದುದರಿಂದ ಅವರನ್ನು ಕೇಳಿ ಬರೆಯುವುದು ಯುಕ್ತ.

ಶಿಕ್ಷಣ ಮತ್ತು ಅರಣ್ಯ ಇಲಾಖೆಗಳವರು ಕೂಡಿ, ಬೇಸಗೆಗೆ ಮೊದಲೇ ಗುಂಡ್ಲುಪೇಟೆಯ ಒಂದು ಪ್ರೌಢಶಾಲೆಯಲ್ಲಿ ಇದನ್ನು ಪರೀಕ್ಷಿಸಿ ನೋಡಬೇಕೆಂದು ನಾವು ಕೋರುತ್ತೇವೆ.