ಕಾಲೇಜು ಗೇಟ್ ದಾಟಿದ ಡ್ರೋನ್

ಕಳೆದ ವರ್ಷ ಊರ ಜಾತ್ರೆಗೆ ಹೊರಟಾಗ ಬಟ್ಟೆಯ ಬ್ಯಾಗ್ ಜೊತೆ ಇನ್ನೊಂದು ಬ್ಯಾಗೂ ಇತ್ತು. ಅದರಲ್ಲಿದ್ದದ್ದು ನಾವು ನಾಲ್ವರು ಗೆಳೆಯರು ಪ್ರಾಜೆಕ್ಟ್‌ಗೆಂದು ಕಟ್ಟಿದ್ದ ಡ್ರೋನ್. ತೂಕ 1.2 ಕೆ.ಜಿ. 'ತೇರು ಎಳೆಯೋದನ್ನ ಮೇಲಿಂದ ತೆಗಿಯೋ, ಸ್ಟೇಟಸ್‌ಗೆ ಹಾಕೋಣ' ಎಂದು ಚಿಕ್ಕಪ್ಪನ ಮಗ ದುಂಬಾಲು ಬಿದ್ದಿದ್ದ.

ಡ್ರೋನ್ ಜನರ ನೆತ್ತಿಯ ಮೇಲೆ ಹೋಗಿ ಎರಡು ನಿಮಿಷ ಆಗಿರಲಿಲ್ಲ. ಬಂದೋಬಸ್ತಿನಲ್ಲಿದ್ದ ಪೊಲೀಸರೊಬ್ಬರು ಬಂದು 'ಇಳ್ಸಪ್ಪಾ ಮೊದ್ಲು' ಎಂದರು. 'ಸಾರ್, ಕಾಲೇಜ್ ಪ್ರಾಜೆಕ್ಟು' ಎಂದೆ. 'ಹಂಗಾದ್ರೆ ಕಾಲೇಜಲ್ಲೇ ಹಾರ್ಸು. ಯಾರ ತಲೆ ಮೇಲಾದ್ರೂ ಬಿದ್ರೆ?'

ಡ್ರೋನ್ ಠಾಣೆ ಸೇರಿತು. ಸಂಜೆ ಅಪ್ಪ ಅಲ್ಲಿ ಕೈಮುಗಿದು ನಿಂತಿದ್ದನ್ನು ಮರೆಯಲು ಆಗಿಲ್ಲ. ಪುಣ್ಯಕ್ಕೆ ಕೇಸು ಹಾಕದೆ, ಎಚ್ಚರಿಕೆ ಕೊಟ್ಟು ಕಳಿಸಿದರು.

ಹಾಸ್ಟೆಲ್‌ಗೆ ಮರಳಿ 2021ರ ಡ್ರೋನ್ ನಿಯಮಗಳನ್ನು ಓದಿದೆ. ಆ ಪೊಲೀಸರು ಹೇಳಿದ್ದೇ ಅಲ್ಲೂ ಇತ್ತು. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಸಂಶೋಧನೆಗಾಗಿ, ಹಸಿರು ವಲಯದಲ್ಲಿ, ತಮ್ಮ ಆವರಣದೊಳಗೆ ಅಥವಾ ತಮ್ಮ ಹತೋಟಿಯ ಬಯಲಿನಲ್ಲಿ ಹಾರಿಸುವ ಡ್ರೋನ್‌ಗೆ ನೋಂದಣಿಯೂ ಬೇಡ, ಪೈಲಟ್ ಪ್ರಮಾಣಪತ್ರವೂ ಬೇಡ. ಗೇಟ್ ದಾಟಿತೆಂದರೆ ಆ ವಿನಾಯಿತಿ ಇಲ್ಲ. ನಮ್ಮದರಂಥ, 250 ಗ್ರಾಂ ಮೀರಿದ ಮೈಕ್ರೊ ಡ್ರೋನ್‌ಗೆ ಗುರುತಿನ ಸಂಖ್ಯೆ ಪಡೆಯಲೇಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ.

ದಂಡ ಕಟ್ಟಿದರೆ ಮುಗಿಯಿತು ಎನ್ನುವಂತೆಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಪ್ರಕಾರ, ನಿರ್ಲಕ್ಷ್ಯದಿಂದ ಇತರರ ಜೀವಕ್ಕೆ ಅಪಾಯ ಒಡ್ಡಿದರೆ, ಯಾರಿಗೂ ಪೆಟ್ಟಾಗದಿದ್ದರೂ ಮೂರು ತಿಂಗಳವರೆಗೆ ಜೈಲಾಗಬಹುದು. ತೀವ್ರ ಗಾಯವಾದರೆ ಮೂರು ವರ್ಷದವರೆಗೆ. ಡ್ರೋನ್ ಕ್ಯಾಮೆರಾದಲ್ಲಿ ಹೆಣ್ಣುಮಗಳೊಬ್ಬಳ ಖಾಸಗಿ ಕ್ಷಣವನ್ನು ಕದ್ದು ಸೆರೆಹಿಡಿದರೆ 77ನೇ ಸೆಕ್ಷನ್. ಮೊದಲ ಸಲವೇ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಸೆರೆವಾಸ. ಕೆಲಸ ಹುಡುಕುವ ವಯಸ್ಸಿನಲ್ಲಿ ಹೆಸರಿನ ಮೇಲೊಂದು ಕ್ರಿಮಿನಲ್ ಕೇಸ್ ಇದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪಿಯುಸಿಯಲ್ಲಿ ಕಲಿತ ಸೂತ್ರ ಹಿಡಿದು ಒಂದು ಲೆಕ್ಕ ಮಾಡಿದೆ. ಡ್ರೋನ್ ನೂರು ಅಡಿ ಎತ್ತರದಲ್ಲಿತ್ತು. ಬ್ಯಾಟರಿ ಕೈಕೊಟ್ಟಿದ್ದರೆ, ಗಾಳಿಯ ತಡೆ ಬಿಟ್ಟು, ನೆಲಕ್ಕೆ ಬರುವಾಗ ಅದರ ವೇಗ ಗಂಟೆಗೆ ಸುಮಾರು 88 ಕಿ.ಮೀ. ಕೆಳಗೆ ಅಪ್ಪಂದಿರ ಹೆಗಲ ಮೇಲೆ ಮಕ್ಕಳು ಕೂತಿದ್ದರು. ಈ ಲೆಕ್ಕವನ್ನು ನಾನು ಊರಿಗೆ ಹೊರಡುವ ಮುಂಚೆಯೇ ಮಾಡಬೇಕಿತ್ತು.

ಡ್ರೋನ್ ಇದ್ದವರು ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಎಂದು ನೋಡಿಕೊಳ್ಳಿ. ಜನ ಸೇರುವ ಕಡೆಯಾದರೆ ಠಾಣೆಯಲ್ಲಿ ಮೊದಲೇ ಕೇಳಿ.

ಈ ವರ್ಷವೂ ಜಾತ್ರೆಗೆ ಹೋಗಿದ್ದೆ. ಡ್ರೋನ್ ಹಾಸ್ಟೆಲ್‌ನಲ್ಲೇ ಇತ್ತು. ಅಪ್ಪನ ಜೊತೆ ನಾನೂ ತೇರಿನ ಹಗ್ಗಕ್ಕೆ ಕೈ ಹಾಕಿದೆ.